ಲೇಸರ್ ಕಿರಣದಿಂದ ಪೈಪು ಬಗ್ಗಿಸುವುದು: ದಾವಣಗೆರೆಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ದಾವಣಗೆರೆಯ ಹರಿಹರ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಆಸ್ಪತ್ರೆಯ ಮಂಚ, ಸಲೈನ್ ಸ್ಟ್ಯಾಂಡ್, ಶಾಲೆಯ ಬೆಂಚು, ಟ್ರ್ಯಾಕ್ಟರ್ ಸ್ಪ್ರೇಯರ್‌ನ ಚೌಕಟ್ಟು ಇವೇ ನಮ್ಮ ಕೆಲಸ. ಹೆಚ್ಚಾಗಿ ಬಳಸುವುದು 25 ಮಿ.ಮೀ. ಹೊರವ್ಯಾಸದ 16 ಗೇಜ್ (ಗೋಡೆಯ ದಪ್ಪ 1.6 ಮಿ.ಮೀ.) ಪೈಪು. ಬಗ್ಗಿಸುವಾಗ ಒಳಮೈ ಸುಕ್ಕುಗಟ್ಟುತ್ತದೆ, ಹೊರಮೈ ಚಪ್ಪಟೆಯಾಗುತ್ತದೆ, ಸ್ಟೇನ್‌ಲೆಸ್ ಪೈಪಂತೂ ಬಿಟ್ಟ ಕೂಡಲೇ ಒಂದೆರಡು ಡಿಗ್ರಿ ಹಿಂದಕ್ಕೆ ಬರುತ್ತದೆ. ಡೈ (ಪೈಪನ್ನು ಸುತ್ತಿ ಬಗ್ಗಿಸುವ ಅಚ್ಚು) ಇಲ್ಲದೆ, ಪೈಪನ್ನು ಮುಟ್ಟದೆ, ಬರೀ ಲೇಸರ್ ಕಿರಣದಿಂದ ಬಗ್ಗಿಸುವ ವಿಡಿಯೊ ಒಂದನ್ನು ನೋಡಿದೆ. ಯಂತ್ರ ಮಾರುವವರೊಬ್ಬರು ಡೈಗಳ ಕಾಲ ಮುಗಿಯಿತು ಎನ್ನುತ್ತಿದ್ದಾರೆ. ಸಾಲ ಮಾಡಿ ಅಂಥ ಯಂತ್ರ ತರಬಹುದೆ?

ಉತ್ತರ: ನೀವು ನೋಡಿದ ವಿಡಿಯೊ ಸುಳ್ಳಲ್ಲ. ಲೇಸರ್ ಕಿರಣದಿಂದ ಲೋಹದ ಪೈಪು ನಿಜವಾಗಿಯೂ ಬಗ್ಗುತ್ತದೆ. ಡೈ ಬೇಡ, ಜ್ಯಾಕ್ ಬೇಡ, ಪೈಪಿನ ಮೇಲೆ ಯಾರೂ ಬಲ ಹಾಕಬೇಕಾಗಿಲ್ಲ. ಆದರೆ ಮಂಚದ ಕಾಲಿಗೆ ಬೇಕಾದ 90 ಡಿಗ್ರಿಯ ಬೆಂಡನ್ನು ದಿನಕ್ಕೆ ನೂರಾರು ತೆಗೆಯಬೇಕಾದ ನಿಮ್ಮಂಥ ವರ್ಕ್‌ಶಾಪಿಗೆ ಆ ವಿಧಾನ ಒಗ್ಗುವುದಿಲ್ಲ. ಅದು ನಿಜವಾಗಿ ಕೆಲಸಕ್ಕೆ ಬರುವುದು ಕೊನೆಯ ಅರ್ಧ ಡಿಗ್ರಿಯನ್ನು ಸರಿಪಡಿಸುವಲ್ಲಿ. ಹೀಗೇಕೆ ಎಂಬುದು ಸ್ಪಷ್ಟವಾದರೆ ಯಾವ ಯಂತ್ರಕ್ಕೆ ಹಣ ಹಾಕಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು. ಆದ್ದರಿಂದ ಅದರ ಒಳಗುಟ್ಟನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೀವು ನೋಡಿರಬಹುದು. ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಿಗ್ಗಿಸುತ್ತಾರೆ, ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾರೆ, ಆರುವಾಗ ಅದು ಕುಗ್ಗಿ ಮರವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಲೇಸರ್ ಬೆಂಡಿಂಗ್‌ನಲ್ಲಿ ದುಡಿಯುವುದು ಆರುವಾಗಿನ ಇದೇ ಕುಗ್ಗುವ ಬಲ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಗಾಡಿಯ ಪಟ್ಟಿಯನ್ನು ಪೂರ್ತಿಯಾಗಿ ಕಾಯಿಸುವುದರಿಂದ ಅದು ಅಡ್ಡಿಯಿಲ್ಲದೆ ಹಿಗ್ಗುತ್ತದೆ. ಪೈಪಿನಲ್ಲಾದರೋ ಸುತ್ತಳತೆಯ ಅರ್ಧ ಭಾಗವನ್ನು, ಅದೂ ಉದ್ದದಲ್ಲಿ ಸುಮಾರು 10 ಮಿ.ಮೀ. ಅಗಲದ ಪಟ್ಟಿಯಷ್ಟನ್ನು ಮಾತ್ರ ಕಾಯಿಸುತ್ತೇವೆ. ಕಾದ ಪಟ್ಟಿ ಹಿಗ್ಗಲು ನೋಡುತ್ತದೆ. ಎರಡೂ ಪಕ್ಕದಲ್ಲಿ ಮತ್ತು ಹಿಂಬದಿಯಲ್ಲಿ ತಣ್ಣಗಿರುವ ಲೋಹ ಅದಕ್ಕೆ ಜಾಗ ಕೊಡುವುದಿಲ್ಲ. ಉದ್ದಕ್ಕೆ ಹಿಗ್ಗಲಾರದ ಬಿಸಿ ಲೋಹ ಅಲ್ಲಿಯೇ ಅಮುಕಿಕೊಂಡು ದಪ್ಪವಾಗುತ್ತದೆ. ಬಳಿಕ ಆರುವಾಗ ಅದು ಕುಗ್ಗಲೇಬೇಕು, ಆದರೆ ಕಾಯಿಸುವ ಮೊದಲಿದ್ದ ಉದ್ದ ಈಗ ಅದಕ್ಕಿಲ್ಲ. ಕಾಯಿಸಿದ ಬದಿ ಹೀಗೆ ಗಿಡ್ಡವಾಗಿ, ಪೈಪು ಲೇಸರ್ ಬಿದ್ದ ಕಡೆಗೇ ಬಾಗುತ್ತದೆ.

ಇದು ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ನಿಮ್ಮ ಮೈಲ್ಡ್ ಸ್ಟೀಲ್ ಪೈಪಿನ ಮೇಲೆಯೇ ಲೆಕ್ಕ ಹಾಕಿ ನೋಡೋಣ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ಹಿಗ್ಗಲು ಬಿಡದೆ ಗಟ್ಟಿಯಾಗಿ ಹಿಡಿದಿಟ್ಟರೆ, 250 ಮೆಗಾಪಾಸ್ಕಲ್ ಇಳುವರಿ ಬಲದ (ಅಂದರೆ ಅಷ್ಟು ಒತ್ತಡ ದಾಟಿದರೆ ಮತ್ತೆ ಮೊದಲಿನ ಆಕಾರಕ್ಕೆ ಬಾರದ) ಉಕ್ಕು ಸುಮಾರು 100 ಡಿಗ್ರಿಯಷ್ಟು ಬಿಸಿಯೇರುವಷ್ಟರಲ್ಲಿಯೇ ಶಾಶ್ವತವಾಗಿ ಅಮುಕಲು ತೊಡಗುತ್ತದೆ. ಬಿಸಿಯೇರಿದಂತೆಲ್ಲ ಅದರ ಬಲವೂ ಕುಸಿಯುವುದರಿಂದ 600, 700 ಡಿಗ್ರಿಯ ಹೊತ್ತಿಗೆ ಹಿಗ್ಗುವಿಕೆಯ ಬಹುಪಾಲು ಅಮುಕುವಿಕೆಯಾಗಿಯೇ ಬದಲಾಗುತ್ತದೆ.

ಇದನ್ನು ಕಣ್ಣಾರೆ ನೋಡುವುದಕ್ಕೆ ಲೇಸರ್ ಬೇಕಿಲ್ಲ, ನಿಮ್ಮ ಗ್ಯಾಸ್ ಟಾರ್ಚ್ ಸಾಕು. ಬಣ್ಣ, ಸತು ಯಾವುದೂ ಇಲ್ಲದ, ಎರಡೂ ತುದಿ ತೆರೆದಿರುವ ಸುಮಾರು ಒಂದು ಮೀಟರ್ ಉದ್ದದ ಮೈಲ್ಡ್ ಸ್ಟೀಲ್ ಪೈಪನ್ನು ಅಡ್ಡಲಾಗಿ ವೈಸ್‌ನಲ್ಲಿ ಬಿಗಿಯಿರಿ. ಇನ್ನೊಂದು ತುದಿಯ ಬಳಿ ನೆಟ್ಟಗೆ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ ಪೈಪಿನ ಮಟ್ಟಕ್ಕೆ ಗೆರೆ ಎಳೆಯಿರಿ. ಸಣ್ಣ ನಾಜಲ್ ಹಾಕಿ, ವೈಸ್‌ನಿಂದ ಒಂದು ಗೇಣು ಈಚೆ, ಪೈಪಿನ ಮೇಲ್ಬದಿಯ ಅರ್ಧ ಸುತ್ತನ್ನು ಮಾತ್ರ ಬೆರಳಗಲದ ಪಟ್ಟಿಯಾಗಿ ಮಂದ ಕೆಂಪು ಬರುವವರೆಗೆ ಬೇಗ ಕಾಯಿಸಿ ಜ್ವಾಲೆ ತೆಗೆಯಿರಿ. ಕಾಯುತ್ತಿರುವಾಗ ತುದಿ ಮೊದಲು ಗೆರೆಯಿಂದ ಕೆಳಕ್ಕೆ ಇಳಿಯುತ್ತದೆ, ಏಕೆಂದರೆ ಮೇಲ್ಬದಿ ಹಿಗ್ಗುತ್ತಿದೆ. ಕೆಂಪು ಮಾಸಿ ಪೈಪು ಆರುತ್ತಾ ಬಂದಂತೆ ಅದೇ ತುದಿ ನಿಧಾನವಾಗಿ ಮೇಲೇರಿ, ಎಳೆದಿದ್ದ ಗೆರೆಗೆ ಬಂದು, ಅಲ್ಲಿ ನಿಲ್ಲದೆ ಅದನ್ನು ದಾಟಿ ಇನ್ನೂ ಕೆಲವು ಮಿ.ಮೀ. ಮೇಲಕ್ಕೆ ಹೋಗಿ ನಿಲ್ಲುತ್ತದೆ. ಯಾರೂ ಎತ್ತಲಿಲ್ಲ, ತನ್ನ ಭಾರಕ್ಕೆ ಎದುರಾಗಿಯೇ ಪೈಪು ಮೇಲೆದ್ದಿದೆ. ಲೇಸರ್ ಮಾಡುವುದೂ ಇದನ್ನೇ, ಆದರೆ ಶಾಖ ಎಲ್ಲಿ ಬೀಳಬೇಕು, ಎಷ್ಟು ಬೀಳಬೇಕು, ಎಷ್ಟು ಹೊತ್ತು ಬೀಳಬೇಕು ಎಂಬುದರ ಮೇಲೆ ಟಾರ್ಚಿಗೆ ಎಂದೂ ಸಿಗದ ಹಿಡಿತ ಅದಕ್ಕಿರುತ್ತದೆ.

ಈ ಕುಗ್ಗುವ ಬಲವನ್ನು ಬಳಸಿಕೊಳ್ಳುವುದು ಹೊಸದೇನಲ್ಲ. ಹಡಗುಕಟ್ಟೆಗಳಲ್ಲಿ ದಪ್ಪ ತಗಡುಗಳಿಗೆ ಗ್ಯಾಸ್ ಜ್ವಾಲೆಯಿಂದ ಗೆರೆಗೆರೆಯಾಗಿ ಶಾಖ ಕೊಟ್ಟು ಬಾಗು ತರುವ ರೂಢಿ ಬಹಳ ಹಿಂದಿನದು. ಜ್ವಾಲೆಯ ಬದಲು ಲೇಸರ್ ಬಳಸುವ ಕೆಲಸವನ್ನು 1980ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಸಂಶೋಧಕ ನಂಬಾ ಮುಂದಿಟ್ಟರು. ಜರ್ಮನಿಯ ಫೋಲರ್ಟ್ಸನ್ ಮತ್ತು ಗೈಗರ್ 1990ರ ದಶಕದಲ್ಲಿ ಅದರ ಹಿಂದಿನ ಕಾರ್ಯವಿಧಾನಗಳನ್ನು ಬಿಡಿಸಿ ವಿವರಿಸಿದರು. ಪೈಪಿನಲ್ಲಿ ಇದು ಹೇಗೆ ನಡೆಯುತ್ತದೆ, ಕೋನವನ್ನು ಮುಂಚಿತವಾಗಿ ಹೇಗೆ ಅಂದಾಜು ಮಾಡಬಹುದು ಎಂಬುದನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಲೀ ಮತ್ತು ಯಾವ್ 2001ರಲ್ಲಿ ಪ್ರಕಟಿಸಿದರು.

ಈಗ ನಿಮ್ಮ ಕೆಲಸದ ಲೆಕ್ಕಕ್ಕೆ ಬರೋಣ. 25 ಮಿ.ಮೀ. ಪೈಪಿನ ಮೇಲೆ 10 ಮಿ.ಮೀ. ಅಗಲದ ಪಟ್ಟಿಯನ್ನು ಕೋಣೆಯ ಉಷ್ಣತೆಗಿಂತ 700 ಡಿಗ್ರಿ ಮೇಲಕ್ಕೆ ಕಾಯಿಸಿದೆವು, ಅದರ ಹಿಗ್ಗುವಿಕೆಯೆಲ್ಲ ಅಮುಕುವಿಕೆಯಾಯಿತು ಎಂದು ಉದಾರವಾಗಿಯೇ ಒಪ್ಪಿಕೊಳ್ಳೋಣ. ಆಗ ಆ ಬದಿ ಕುಗ್ಗುವುದು ಸುಮಾರು 0.084 ಮಿ.ಮೀ. ಇದನ್ನು ಪೈಪಿನ ವ್ಯಾಸದಿಂದ ಭಾಗಿಸಿದರೆ ಸಿಗುವ ಕೋನ ಸುಮಾರು 0.19 ಡಿಗ್ರಿ. ಅಂದರೆ ಒಂದು ಪಾಸ್‌ಗೆ (ಪಟ್ಟಿಯನ್ನು ಒಮ್ಮೆ ಕಾಯಿಸಿ ಆರಿಸುವ ಸರದಿಗೆ) ಒಂದು ಡಿಗ್ರಿಯ ಐದನೆಯ ಒಂದು ಭಾಗವೂ ಪೂರ್ತಿ ಬರಲಿಲ್ಲ. ಪಟ್ಟಿಯನ್ನು ಅಗಲ ಮಾಡಿದರೆ, ಹೆಚ್ಚು ಹಿಗ್ಗುವ ಸ್ಟೇನ್‌ಲೆಸ್ ಬಳಸಿದರೆ, ಅಥವಾ ಸಪೂರ ಪೈಪು ತೆಗೆದುಕೊಂಡರೆ ಕೋನ ಹೆಚ್ಚುತ್ತದೆ. ಆದರೂ ಒಂದು ಪಾಸ್‌ಗೆ ಸಿಗುವುದು ಡಿಗ್ರಿಯ ಒಂದಂಶದಿಂದ ಒಂದು ಡಿಗ್ರಿಯ ಆಸುಪಾಸು ಎಂದು ಹಿಡಿಯಿರಿ. ನಮ್ಮ ಲೆಕ್ಕದಂತೆಯೇ ಹೋದರೆ 90 ಡಿಗ್ರಿಗೆ ಸುಮಾರು 470 ಪಾಸ್ ಬೇಕು. ಪ್ರತಿ ಪಾಸಿನ ನಂತರ ಪೈಪು ಆರಬೇಕು, ಏಕೆಂದರೆ ಪಕ್ಕದ ಲೋಹ ತಣ್ಣಗಿದ್ದರೆ ಮಾತ್ರ ಅದು ಅಡ್ಡಿಯಾಗಿ ನಿಂತು ಅಮುಕುವಿಕೆಯನ್ನು ಉಂಟುಮಾಡುತ್ತದೆ. ಗಾಳಿ ಊದಿ ಬೇಗ ಆರಿಸಿ ಪಾಸ್‌ಗೆ ಒಂದೇ ನಿಮಿಷ ಹಿಡಿದರೂ ಒಂದು ಬೆಂಡಿಗೆ ಎಂಟು ಗಂಟೆಯ ಒಂದು ಇಡೀ ಶಿಫ್ಟ್ ಕಳೆದುಹೋಗುತ್ತದೆ. ಅದೇ ಬೆಂಡು ನಿಮ್ಮ ಹೈಡ್ರಾಲಿಕ್ ಯಂತ್ರದಲ್ಲಿ ಕೆಲವೇ ಸೆಕೆಂಡುಗಳ ಕೆಲಸ. ವಿಡಿಯೊದಲ್ಲಿ ಪೈಪು ಸರಸರನೆ ಬಾಗಿದಂತೆ ಕಂಡಿದ್ದರೆ ಅದನ್ನು ವೇಗ ಹೆಚ್ಚಿಸಿ ತೋರಿಸಿರಬೇಕು, ಇಲ್ಲವೇ ಅಲ್ಲಿ ಲೇಸರ್ ಬರೀ ಕಾಯಿಸುತ್ತಿದ್ದು ಬಗ್ಗಿಸುವ ಬಲ ಬೇರೆ ಕಡೆಯಿಂದ ಬರುತ್ತಿರಬೇಕು.

ವಿದ್ಯುತ್ತಿನ ಬಿಲ್ಲು ದುಬಾರಿಯಾಗುತ್ತದೆ ಎಂಬ ಅಂಜಿಕೆ ಹಲವರಿಗಿದೆ, ಅಡ್ಡಿ ಅಲ್ಲಿಲ್ಲ. ಆ ಅರ್ಧ ಸುತ್ತಿನ ಪಟ್ಟಿಯಲ್ಲಿರುವ ಲೋಹ ಸುಮಾರು 5 ಗ್ರಾಂ. ಅದನ್ನು 700 ಡಿಗ್ರಿ ಏರಿಸಲು 2 ಕಿಲೋಜೂಲ್ ಶಾಖ ಸಾಕು. ಪೈಪಿನ ಮೈ ಕಿರಣದ ಮೂರನೆಯ ಒಂದು ಭಾಗವನ್ನಷ್ಟೇ ಹೀರಿ ಉಳಿದದ್ದನ್ನು ಪ್ರತಿಫಲಿಸಿದರೂ ಪಾಸ್‌ಗೆ 6 ಕಿಲೋಜೂಲ್ ಕಿರಣ, ಅಂದರೆ 1 ಕಿಲೋವಾಟ್ ಲೇಸರ್‌ಗೆ 6 ಸೆಕೆಂಡಿನ ಕೆಲಸ. ಫೈಬರ್ ಲೇಸರ್ ತಾನು ಎಳೆದ ವಿದ್ಯುತ್ತಿನ ಮೂರನೆಯ ಒಂದು ಭಾಗದಷ್ಟನ್ನು ಬೆಳಕಾಗಿಸುತ್ತದೆ. 470 ಪಾಸ್‌ಗಳಿಗೂ ಸೇರಿ, ಲೇಸರನ್ನು ತಂಪಾಗಿಡುವ ಚಿಲ್ಲರ್ ಬಿಟ್ಟು, ಎರಡೂವರೆ ಯೂನಿಟ್ ದಾಟುವುದಿಲ್ಲ. ಬಿಲ್ಲು ಹಗುರವೇ, ಭಾರವಾಗುವುದು ಹೊತ್ತು.

ಹೊತ್ತಿನ ಮಾತನ್ನು ಬದಿಗಿಟ್ಟರೂ ಇನ್ನೊಂದು ತೊಡಕಿದೆ. ಅದನ್ನು ಮಾರುವವರು ಸಾಮಾನ್ಯವಾಗಿ ಎತ್ತುವುದೇ ಇಲ್ಲ. ಲೇಸರ್ ಬೆಂಡಿಂಗ್‌ನ ದೊಡ್ಡ ಗುಣವೆಂದು ಹೇಳುವುದು ಹೊರಮೈ ತೆಳುವಾಗುವುದಿಲ್ಲ ಎಂಬುದನ್ನು. ಅದು ನಿಜ. ನಿಮ್ಮ ಯಂತ್ರದಲ್ಲಿ 25 ಮಿ.ಮೀ. ಪೈಪನ್ನು 50 ಮಿ.ಮೀ. ಮಧ್ಯರೇಖೆಯ ತ್ರಿಜ್ಯಕ್ಕೆ ಬಗ್ಗಿಸಿದಾಗ ಹೊರಮೈ ಶೇ. 25ರಷ್ಟು ಎಳೆಯಲ್ಪಡುತ್ತದೆ, ಆ ಲೆಕ್ಕದಂತೆ 1.6 ಮಿ.ಮೀ. ಗೋಡೆ ಸುಮಾರು 1.3ಕ್ಕೆ ಇಳಿಯುತ್ತದೆ. ಲೇಸರ್‌ನಲ್ಲಿ ಹೊರಮೈಯನ್ನು ಯಾರೂ ಎಳೆಯುವುದಿಲ್ಲ, ಬಾಗೆಲ್ಲ ಒಳಮೈ ಕುಗ್ಗುವುದರಿಂದಲೇ ಬರಬೇಕು. ಅದೇ 50 ಮಿ.ಮೀ. ತ್ರಿಜ್ಯದ 90 ಡಿಗ್ರಿ ಬೆಂಡಿನಲ್ಲಿ ಹೊರಕಮಾನಿನ ಉದ್ದ 98 ಮಿ.ಮೀ., ಒಳಕಮಾನಿನ ಉದ್ದ 59 ಮಿ.ಮೀ. ಹೊರಗಿನದು ಬದಲಾಗದೆ ಇರಬೇಕಾದರೆ ಒಳಬದಿಯ 98 ಮಿ.ಮೀ. ಲೋಹ 59ಕ್ಕೆ ಕುಗ್ಗಬೇಕು, ಅಂದರೆ ಶೇ. 40ರಷ್ಟು. ಹಾಗೆ ಕುಗ್ಗಿದ ಲೋಹ ಎಲ್ಲಿಗೆ ಹೋಗಬೇಕು? ಗೋಡೆಯ ದಪ್ಪಕ್ಕೆ ಸೇರಿ 1.6 ಮಿ.ಮೀ. ಇದ್ದದ್ದು 2.7ರ ಹತ್ತಿರ ಹೋಗಬೇಕು. ನೂರಾರು ಸಲ ಕಾದು ಆರಿದ, ಅಷ್ಟು ಉಬ್ಬಿದ ಒಳಮೈ ನುಣುಪಾಗಿ ಉಳಿಯುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ಬಿಗಿಯಾದ ಬೆಂಡು ಲೇಸರ್‌ನ ಸ್ವಭಾವಕ್ಕೇ ಒಗ್ಗದು. ದೊಡ್ಡ ತ್ರಿಜ್ಯದ ಸೌಮ್ಯ ಬಾಗುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅಲ್ಲಿ ಪ್ರತಿ ಮಿ.ಮೀ. ಉದ್ದದಲ್ಲಿ ಕುಗ್ಗಬೇಕಾದದ್ದು ಅತ್ಯಲ್ಪ.

ಲೋಹ ಬದಲಾದರೆ ವರ್ತನೆಯೂ ಬದಲಾಗುತ್ತದೆ. ಸ್ಟೇನ್‌ಲೆಸ್ 304 ಮೈಲ್ಡ್ ಸ್ಟೀಲ್‌ಗಿಂತ ಹೆಚ್ಚು ಹಿಗ್ಗುತ್ತದೆ, ಆದರೆ ಶಾಖವನ್ನು ಅದರ ಮೂರನೆಯ ಒಂದು ಭಾಗದಷ್ಟೇ ಹರಿಯಗೊಡುತ್ತದೆ. ಶಾಖ ಬಿದ್ದಲ್ಲೇ ನಿಲ್ಲುವುದರಿಂದ ಲೇಸರ್‌ಗೆ ಅದು ಒಳ್ಳೆಯ ಲೋಹ. ಅಪಾಯವೂ ಅಲ್ಲೇ ಇದೆ. 450ರಿಂದ 850 ಡಿಗ್ರಿಯ ನಡುವೆ ಮತ್ತೆ ಮತ್ತೆ ಕಳೆಯುವ 304ರಲ್ಲಿ ಕ್ರೋಮಿಯಂ ಇಂಗಾಲದೊಡನೆ ಸೇರಿ ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ, ಆ ಅಂಚಿನ ಪಕ್ಕದ ಲೋಹ ತುಕ್ಕು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದಿನವೂ ಕ್ರಿಮಿನಾಶಕದಿಂದ ಒರೆಸುವ ಆಸ್ಪತ್ರೆಯ ಸಾಮಾನಿಗೆ ಇದು ಸಣ್ಣ ಸಂಗತಿಯಲ್ಲ. ಕಾಯಿಸಿ ಬಗ್ಗಿಸುವ ಯಾವುದೇ ವಿಧಾನಕ್ಕೆ ಇಂಗಾಲ ಕಡಿಮೆಯಿರುವ 304 ಎಲ್ ತೆಗೆದುಕೊಳ್ಳಿ, ಮೈಮೇಲೆ ಏಳುವ ಹಳದಿ, ನೀಲಿ ಬಣ್ಣವನ್ನು ಪಿಕ್ಲಿಂಗ್ ಮಾಡಿ, ಅಂದರೆ ಆಮ್ಲದಿಂದ ತೊಳೆದು ತೆಗೆಯಿರಿ. ಅಲ್ಯೂಮಿನಿಯಂ ಕಿರಣವನ್ನು ಹೀರುವುದೂ ಕಡಿಮೆ, ಬಂದ ಶಾಖವನ್ನು ಆಚೆ ಸಾಗಿಸುವುದೂ ಬೇಗ. ಶಾಖೋಪಚಾರದಿಂದ ಬಲ ಪಡೆದ ಮಿಶ್ರಲೋಹವಾದರೆ ಕಾಯಿಸಿದ ಜಾಗ ಮೆತ್ತಗಾಗುತ್ತದೆ. ತಾಮ್ರದ್ದೂ ಹೆಚ್ಚುಕಡಿಮೆ ಇದೇ ಕಷ್ಟ. ಟೈಟಾನಿಯಂ ಪೈಪಿನಲ್ಲಿ ಸಂಶೋಧಕರಿಗೆ ಆಸಕ್ತಿ ಇರುವುದಕ್ಕೆ ಕಾರಣ, ಅದು ತಣ್ಣಗಿರುವಾಗ ಬಗ್ಗಿಸಿದರೆ ಬಹಳ ಹಿಂದಕ್ಕೆ ಚಿಮ್ಮುತ್ತದೆ. ಆದರೆ ಬಿಸಿಯಾದಾಗ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುವುದರಿಂದ ಆರ್ಗಾನ್ ಹೊದಿಕೆ ಇಲ್ಲದೆ ಮುಟ್ಟುವಂತಿಲ್ಲ.

ಲೇಸರ್‌ಗಳಲ್ಲಿಯೂ ಬಗೆಗಳಿವೆ. ಹಳೆಯ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದು 10.6 ಮೈಕ್ರಾನ್ ತರಂಗಾಂತರದ ಕಾರ್ಬನ್ ಡೈಆಕ್ಸೈಡ್ ಲೇಸರ್. ಹೊಳೆಯುವ ಲೋಹ ಅದನ್ನು ಬಹುಮಟ್ಟಿಗೆ ಹಿಂದಕ್ಕೆ ಎಸೆಯುವುದರಿಂದ ಪೈಪಿಗೆ ಗ್ರಾಫೈಟ್ ಬಳಿಯಬೇಕಾಗುತ್ತಿತ್ತು. ಈಗಿನ ಫೈಬರ್ ಲೇಸರ್‌ನ 1.07 ಮೈಕ್ರಾನ್ ಬೆಳಕನ್ನು ಉಕ್ಕು ಅದಕ್ಕಿಂತ ಚೆನ್ನಾಗಿ ಹೀರುತ್ತದೆ. ಯಾವ ಲೇಸರ್ ಆದರೂ ಕತ್ತರಿಸುವಾಗ ಮಾಡುವಂತೆ ಕಿರಣವನ್ನು ಸೂಜಿಮೊನೆಯಷ್ಟು ಸಣ್ಣದು ಮಾಡಬಾರದು. ಗೋಡೆಯ ದಪ್ಪಕ್ಕಿಂತ ಹಲವು ಪಟ್ಟು ಅಗಲದ ಚುಕ್ಕೆಯಾಗಿ ಹರಡಬೇಕು. ಲೋಹ ಕರಗಿದರೆ ಕೆಲಸ ಕೆಟ್ಟಂತೆಯೇ. ಸಾಮಾನ್ಯವಾಗಿ ಕಿರಣ ನಿಂತಿರುತ್ತದೆ, ಅದರ ಕೆಳಗೆ ಪೈಪು ಅರ್ಧ ಸುತ್ತು ತಿರುಗುತ್ತದೆ. ಸುತ್ತು ಶುರುವಾದ ಕಡೆ ಲೋಹ ತಣ್ಣಗಿದ್ದು ಮುಗಿಯುವ ಕಡೆ ಆಗಲೇ ಬೆಚ್ಚಗಾಗಿರುವುದರಿಂದ ಎರಡು ಬದಿಯ ಕುಗ್ಗುವಿಕೆ ಸಮವಾಗದೆ ಪೈಪು ಸ್ವಲ್ಪ ಪಕ್ಕಕ್ಕೂ ವಾಲುತ್ತದೆ. ಒಂದು ಪಾಸ್ ಎಡದಿಂದ, ಮುಂದಿನದು ಬಲದಿಂದ ಎಂದು ದಿಕ್ಕು ಬದಲಿಸುತ್ತಾ ಹೋದರೆ ಅದು ಸರಿಹೋಗುತ್ತದೆ. ಇಆರ್‌ಡಬ್ಲ್ಯು ಪೈಪಿನ (ತಗಡನ್ನು ಸುರುಳಿ ಮಾಡಿ ಉದ್ದಕ್ಕೂ ವಿದ್ಯುತ್ತಿನಿಂದ ಬೆಸೆದ ಪೈಪು) ವೆಲ್ಡ್ ಸಾಲು ಕಾಯಿಸುವ ಬದಿಯಲ್ಲಿ ಬರದಂತೆ ನೋಡಿಕೊಳ್ಳಬೇಕು, ಅಲ್ಲಿನ ಲೋಹ ಶಾಖಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ.

ಹಾಗಾದರೆ ಈ ವಿಧಾನದ ನಿಜವಾದ ಬೆಲೆ ಎಲ್ಲಿದೆ? ವೆಲ್ಡಿಂಗ್ ಮುಗಿದ ಮೇಲೆ ಆಸ್ಪತ್ರೆ ಮಂಚದ ಪಕ್ಕದ ಚೌಕಟ್ಟು ಒಂದು ಮೀಟರ್ ಉದ್ದಕ್ಕೆ 2 ಮಿ.ಮೀ. ಓರೆಯಾಗಿ ನಿಂತಿದೆ ಎಂದಿಟ್ಟುಕೊಳ್ಳಿ. ನಿಮ್ಮ ಹುಡುಗರು ಸುತ್ತಿಗೆ ಹಿಡಿಯುತ್ತಾರೆ, ಇಲ್ಲವೇ ಸಂದಿಯಲ್ಲಿ ಕಂಬಿ ಸಿಕ್ಕಿಸಿ ಮೀಟುತ್ತಾರೆ, ಒಮ್ಮೆ ಹೆಚ್ಚಾಗುತ್ತದೆ, ಒಮ್ಮೆ ಕಡಿಮೆಯಾಗುತ್ತದೆ. ಆ 2 ಮಿ.ಮೀ. ಓರೆ ಕೋನದ ಲೆಕ್ಕದಲ್ಲಿ ಕೇವಲ 0.115 ಡಿಗ್ರಿ, ಅಂದರೆ ಮೇಲೆ ಲೆಕ್ಕ ಹಾಕಿದ ಒಂದು ಪಾಸಿಗಿಂತಲೂ ಕಡಿಮೆ. ಬೆಂಡಿನ ದೃಷ್ಟಿಯಿಂದ ದೌರ್ಬಲ್ಯವಾಗಿ ಕಂಡ ಅದೇ ಸಣ್ಣ ಕೋನ ಇಲ್ಲಿ ಶಕ್ತಿಯಾಗುತ್ತದೆ: ಶಾಖವನ್ನು ಅಳೆದು ಕೊಟ್ಟರೆ ಬೇಕಾದಷ್ಟೇ ಸರಿಯುತ್ತದೆ, ಹೊರಗಿನ ಬಲವೇ ಇಲ್ಲದ್ದರಿಂದ ಚಿಮ್ಮಿ ಹಿಂದಕ್ಕೆ ಬರುವ ಪ್ರಶ್ನೆಯೇ ಇಲ್ಲ, ಹಿಡಿಯಲು ಬೇರೆ ಬೇರೆ ಫಿಕ್ಸ್ಚರ್ ಬೇಡ. ಡೈ ಒಳಗೆ ಕೂರದ ಜೋಡಣೆಯಾದ ಭಾಗಗಳು, ಒಂದೋ ಎರಡೋ ಮಾತ್ರ ಬೇಕಾದ ದುಬಾರಿ ತುಣುಕುಗಳು, ಎಲೆಕ್ಟ್ರಾನಿಕ್ಸ್‌ನ ಕೂದಲೆಳೆಯಂಥ ಸೂಕ್ಷ್ಮ ಹೊಂದಾಣಿಕೆ, ಇಂಥ ಕಡೆಗಳಲ್ಲಿ ಇದಕ್ಕೆ ಸಾಟಿಯಾದ ವಿಧಾನ ಕಡಿಮೆ ಎಂದೇ ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ ಮಾತ್ರ ಬೇಕು: ಕಾಯಿಸಿದ ಬದಿಯಲ್ಲಿ ಎಳೆತದ ಒತ್ತಡ ಉಳಿದುಕೊಂಡಿರುತ್ತದೆ. ಸ್ಪ್ರೇಯರ್ ಚೌಕಟ್ಟಿನಂತೆ ಹೊಲದಲ್ಲಿ ಸದಾ ಅಲುಗಾಡುವ ಭಾಗದಲ್ಲಿ ಹೆಚ್ಚು ಬಲ ಬೀಳುವ ಜಾಗವನ್ನು ಕಾಯಿಸಿ ತಿದ್ದಬೇಡಿ.

ಮೈಲ್ಡ್ ಸ್ಟೀಲ್ ಚೌಕಟ್ಟುಗಳ ಮಟ್ಟಿಗೆ ಈ ಲಾಭದ ದೊಡ್ಡ ಪಾಲನ್ನು ನೀವು ಇಂದೇ ಗ್ಯಾಸ್ ಟಾರ್ಚಿನಿಂದ ಪಡೆಯಬಹುದು. ಪೈಪು ಯಾವ ಕಡೆಗೆ ಉಬ್ಬಿದೆಯೋ ಆ ಕಡೆಯನ್ನೇ ಕಾಯಿಸಬೇಕು. ಉಬ್ಬಿದ ಬದಿ ಉದ್ದವಾಗಿದೆ, ಅದು ಗಿಡ್ಡವಾದರೆ ಪೈಪು ನೇರವಾಗುತ್ತದೆ. ಸಣ್ಣ ಪಟ್ಟಿಯನ್ನು ಬೇಗ ಕಾಯಿಸಿ, ಪೂರ್ತಿ ಆರುವವರೆಗೆ ಬಿಟ್ಟು, ಅಳೆದು, ಬೇಕಾದರೆ ಮಾತ್ರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಹಾಕಿ. ಬಿಸಿಯಿರುವಾಗ ಅಳೆದರೆ ಅಳತೆ ತಪ್ಪುತ್ತದೆ ಎಂಬುದನ್ನು ಮೇಲಿನ ಪ್ರಯೋಗದಲ್ಲಿಯೇ ಕಂಡಿರುತ್ತೀರಿ.

ಇನ್ನು 90 ಡಿಗ್ರಿಯ ಬೆಂಡುಗಳ ವಿಚಾರ. ನಿಮ್ಮ ಸುಕ್ಕು ಮತ್ತು ಚಪ್ಪಟೆಗೆ ಮದ್ದು ಪೈಪಿನೊಳಗೆ ಆಧಾರ ಕೊಡುವುದು, ಅಂದರೆ ಒಳಗೆ ತೂರಿಸುವ ಗಟ್ಟಿ ಸರಳಾದ ಮ್ಯಾಂಡ್ರೆಲ್. ಪೈಪು ಡೈ ಸುತ್ತಲು ಶುರುಮಾಡುವ ಬಿಂದುವಿನಲ್ಲಿ ಅದರ ತುದಿ ಸರಿಯಾಗಿ ಕೂರಬೇಕು. ಹಿಂದೆ ಸರಿದಿದ್ದರೆ ಚಪ್ಪಟೆಯಾಗುತ್ತದೆ, ಮುಂದೆ ಹೋಗಿದ್ದರೆ ಹೊರಮೈಯಲ್ಲಿ ಉಬ್ಬು ಮೂಡುತ್ತದೆ. ಅದೇ ಬಿಂದುವಿನ ಒಳಬದಿಯಲ್ಲಿ ವೈಪರ್ ಡೈ (ಪೈಪಿಗೂ ಡೈಗೂ ನಡುವಿನ ಸಂದಿ ತುಂಬುವ ತೆಳುಅಂಚಿನ ತುಂಡು) ಇಟ್ಟರೆ ಸುಕ್ಕು ಏಳಲು ಸಂದಿಯೇ ಸಿಗುವುದಿಲ್ಲ. ಸ್ಟೇನ್‌ಲೆಸ್‌ಗೆ ಉಕ್ಕಿನ ಮ್ಯಾಂಡ್ರೆಲ್ ಅಂಟಿಕೊಂಡು ಗೀರು ಬೀಳಿಸುವುದರಿಂದ ಅಲ್ಯೂಮಿನಿಯಂ ಬ್ರಾಂಜಿನದನ್ನು ಮಾಡಿಸಿ, ಎಣ್ಣೆಯಲ್ಲಿ ಜಿಪುಣತನ ಬೇಡ. ವಿನ್ಯಾಸ ನಿಮ್ಮ ಕೈಯಲ್ಲಿದ್ದರೆ ತ್ರಿಜ್ಯವನ್ನು 50ರಿಂದ 75 ಮಿ.ಮೀ.ಗೆ ಏರಿಸಿ, ಹೊರಮೈಯ ಎಳೆತ ಶೇ. 25ರಿಂದ 17ರ ಸಮೀಪಕ್ಕೆ ಇಳಿಯುತ್ತದೆ, ಅರ್ಧ ತೊಂದರೆ ಅಲ್ಲಿಗೇ ತಗ್ಗುತ್ತದೆ. ವೆಲ್ಡ್ ಸಾಲನ್ನು ಒಳಕ್ಕೂ ಹೊರಕ್ಕೂ ಬಿಡದೆ ಪಕ್ಕಕ್ಕೆ ಇರಿಸಿ, ಅಲ್ಲಿ ಎಳೆತವೂ ಅಮುಕುವಿಕೆಯೂ ಕಡಿಮೆ. ಹಿಂದಕ್ಕೆ ಬರುವ ಒಂದೆರಡು ಡಿಗ್ರಿಗೆ ಉಪಾಯ ಹಳೆಯದೇ: ಪ್ರತಿ ಹೊಸ ಲೋಡು ಬಂದಾಗ ಅದರದೇ ಒಂದು ತುಂಡನ್ನು ಬಗ್ಗಿಸಿ, ಬಿಟ್ಟು, ಎಷ್ಟು ಬಂತೆಂದು ಅಳೆದು, ಅಷ್ಟು ಹೆಚ್ಚು ಬಗ್ಗಿಸುವಂತೆ ಸ್ಟಾಪರ್ ಇಡುವುದು. 1941ರಲ್ಲಿ ಲೇತ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಆರಂಭವಾದಂದಿನಿಂದ ಲೇತ್ ಕೆಲಸದ ಕೈಗಳಿಗೆ ಹರಿಹರದಲ್ಲಿ ಬರವಿಲ್ಲ. ಡೈ, ಮ್ಯಾಂಡ್ರೆಲ್‌ಗಳನ್ನು ಊರ ಪಕ್ಕದಲ್ಲಿಯೇ ತಿರುಗಿಸಿಕೊಳ್ಳಬಹುದಾದ ನಿಮಗೆ ಡೈಯ ಖರ್ಚಿನ ಭಯ ತೋರಿಸುವುದರಲ್ಲಿ ಹುರುಳಿಲ್ಲ.

ಶಾಲೆಯ ಬೆಂಚಿನಂಥ ಚೌಕ ಪೈಪಿನ ಕೆಲಸಕ್ಕೆ ಮಾತ್ರ ಲೇಸರ್ ಬೇರೊಂದು ರೂಪದಲ್ಲಿ ನಿಮಗೆ ಒದಗುತ್ತದೆ. ಪೈಪು ಕತ್ತರಿಸುವ ಲೇಸರ್ ಯಂತ್ರ ಮೂರು ಮುಖಗಳಲ್ಲಿ ತ್ರಿಕೋನದ ಕಚ್ಚು ತೆಗೆದು ನಾಲ್ಕನೆಯ ಮುಖವನ್ನು ಹಾಗೆಯೇ ಬಿಡುತ್ತದೆ. ಪೈಪನ್ನು ಕೈಯಿಂದಲೇ ಮಡಚಿದರೆ ಅಂಚಿಗೆ ಅಂಚು ಕೂತು ಮೂಲೆ ತಾನಾಗಿ 90 ಡಿಗ್ರಿಗೆ ನಿಲ್ಲುತ್ತದೆ, ಬಳಿಕ ವೆಲ್ಡ್ ಮಾಡಿದರೆ ಆಯಿತು. ಡೈ ಬೇಡ, ಸುಕ್ಕಿಲ್ಲ, ಅಳತೆ ತಪ್ಪುವುದಿಲ್ಲ. ಯಂತ್ರ ಕೊಳ್ಳುವ ಅಗತ್ಯವೂ ಇಲ್ಲ, ಬೆಂಗಳೂರಿನ ಪೀಣ್ಯದಂಥ ಕಡೆ ಜಾಬ್ ವರ್ಕ್ ಆಗಿ ಮಾಡಿಸಿಕೊಳ್ಳಬಹುದು. ರೋಗಿಯ ಕೈ ತಾಗುವ ದುಂಡು ಪೈಪಿನ ಬೆಂಡುಗಳಿಗೆ ಇದು ಸಲ್ಲದು.

ಕೊನೆಯದಾಗಿ ಸುರಕ್ಷತೆಯ ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈಗ ಕೈಯಲ್ಲಿ ಹಿಡಿಯುವ ಲೇಸರ್ ವೆಲ್ಡಿಂಗ್ ಯಂತ್ರಗಳು ಸಣ್ಣ ಊರುಗಳಿಗೂ ಬಂದಿವೆ, ಅವುಗಳಿಂದಲೇ ಪೈಪು ಕಾಯಿಸಿ ಬಗ್ಗಿಸಿ ನೋಡೋಣ ಎನ್ನಿಸುವುದು ಸಹಜ. ಅವುಗಳ ತುದಿ ಲೋಹಕ್ಕೆ ತಾಗಿದಾಗ ಮಾತ್ರ ಕಿರಣ ಹೊರಡುವಂತೆ ಒಂದು ರಕ್ಷಣಾ ಏರ್ಪಾಡು ಇರುತ್ತದೆ. ಕಿರಣವನ್ನು ಅಗಲವಾಗಿ ಹರಡಬೇಕೆಂದರೆ ತುದಿಯನ್ನು ದೂರ ಹಿಡಿಯಬೇಕು, ಅದಕ್ಕಾಗಿ ಆ ಏರ್ಪಾಡನ್ನು ತಪ್ಪಿಸಬೇಕಾಗುತ್ತದೆ. ಹಾಗೆ ಎಂದಿಗೂ ಮಾಡಬೇಡಿ. ಅರ್ಧ ವಾಟ್ ದಾಟಿದ ನಿರಂತರ ಲೇಸರ್‌ಗಳೆಲ್ಲ ಅತ್ಯಂತ ಅಪಾಯಕಾರಿಯಾದ ನಾಲ್ಕನೆಯ ವರ್ಗಕ್ಕೆ ಸೇರುತ್ತವೆ, ಈ ಯಂತ್ರಗಳದ್ದು ಸಾವಿರ ವಾಟ್‌ಗೂ ಮೇಲೆ. ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನೊಳಗೆ ಹೊಕ್ಕು ಅಕ್ಷಿಪಟಲದ ಮೇಲೆ ಸೇರುತ್ತದೆ. ದುಂಡು ಪೈಪಿನ ಹೊಳಪು ಮೈಯಿಂದ ಅದು ಯಾವ ಕಡೆಗೆ ಚಿಮ್ಮುತ್ತದೆಂದು ಹೇಳಲಾಗದು. ವೆಲ್ಡಿಂಗ್ ಕನ್ನಡಕ ಇದಕ್ಕೆ ಸಾಲದು, ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕವೂ ಮುಚ್ಚಿದ ಕೋಣೆಯೂ ಬೇಕು. ಟಾರ್ಚಿನ ಕೆಲಸದಲ್ಲಿಯೂ ಸತು ಬಳಿದ ಜಿಐ ಪೈಪನ್ನು ಕಾಯಿಸಿದರೆ ಏಳುವ ಹೊಗೆಯಿಂದ ಚಳಿಜ್ವರ ಬರುತ್ತದೆ. ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿದ ಪೈಪನ್ನು ತೂತು ಕೊರೆಯದೆ ಕಾಯಿಸಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಸಿಡಿಯಬಹುದು.

ಯಂತ್ರ ಮಾರುವವರ ಮಾತನ್ನು ತಳ್ಳಿಹಾಕುವ ಮುನ್ನ ಒಂದು ಅವಕಾಶ ಕೊಡಿ. ನಿಮ್ಮದೇ 25 ಮಿ.ಮೀ. ಪೈಪನ್ನು ಒಯ್ದು ನಿಮಗೆ ಬೇಕಾದ ತ್ರಿಜ್ಯಕ್ಕೆ 90 ಡಿಗ್ರಿ ಬಗ್ಗಿಸಿ ತೋರಿಸಲು ಹೇಳಿ, ಶುರುವಿನಿಂದ ಕೊನೆಯವರೆಗೆ ಗಡಿಯಾರ ನೋಡಿ, ಆ ಬೆಂಡನ್ನು ಮನೆಗೆ ತಂದು ಮಧ್ಯಕ್ಕೆ ಸೀಳಿ ಒಳಹೊರ ಗೋಡೆಗಳ ದಪ್ಪ ಅಳೆಯಿರಿ. ಕಾದ ಜಾಗದ ಗಡಸುತನ ಅಳೆಯಬೇಕಿದ್ದರೆ ನಿಮ್ಮ ಊರಿನ ಯುಬಿಡಿಟಿ ಅಥವಾ ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ವಿಚಾರಿಸಿ. ಈ ಅಳತೆಗಳು ಕೈಗೆ ಬರುವವರೆಗೆ ಸಾಲದ ಅರ್ಜಿಗೆ ಸಹಿ ಹಾಕಬೇಡಿ. ಮೊದಲ ಕಂತಿನಷ್ಟು ಹಣವಿದ್ದರೆ ಅದನ್ನು ಒಂದು ಒಳ್ಳೆಯ ಮ್ಯಾಂಡ್ರೆಲ್ ಮತ್ತು ವೈಪರ್ ಡೈಗೆ ಹಾಕಿ.